ಎಳ್ಳಮಾಸಿಯಿಂದ ಅಜ್ಜನ ಜಾತ್ರೆಯವರೆಗೆ: ಮಕ್ಕಳ ಕೈಗೊಂದು ಕೆಲಸ

ಡಿಸೆಂಬರ್ ಬಂತೆಂದರೆ ಕೊಪ್ಪಳದ ನಮ್ಮ ಮನೆಯಲ್ಲಿ ಮೂರು ಹಬ್ಬಗಳ ಲೆಕ್ಕ ಶುರುವಾಗುತ್ತದೆ. ಎಳ್ಳ ಅಮಾವಾಸ್ಯೆ ಅಂದರೆ ನಮ್ಮ ಎಳ್ಳಮಾಸಿ, ಸಂಕ್ರಾಂತಿ, ಗವಿಮಠದ ಅಜ್ಜನ ಜಾತ್ರೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಜನವರಿ 14 ಇಲ್ಲವೇ 15 ಬಿಟ್ಟು ಅಲುಗಾಡುವುದಿಲ್ಲ. ಉಳಿದೆರಡು ಚಂದ್ರನ ಲೆಕ್ಕದವು, ವರ್ಷಾ ವರ್ಷಾ ಹಿಂದೆ ಮುಂದೆ ಸರಿಯುತ್ತವೆ. 2025ರಲ್ಲಿ ಸಂಕ್ರಾಂತಿಯ ಮರುದಿನವೇ ತೇರು. 2026ರಲ್ಲಿ ತೇರು ಜನವರಿ 5ಕ್ಕೇ ಬಂತು, ಸಂಕ್ರಾಂತಿ ಅದಾದ ಮೇಲೆ ಬಂತು. ಪಾಳಿ ಕೆಲಸದವನಿಗೆ ಇದು ಸಣ್ಣ ವಿಷಯ ಅಲ್ಲ.

ನಾನು ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತೇನೆ. ಹೆಂಡತಿ ಶಾಲೆಯಲ್ಲಿ ಟೀಚರ್. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಎಳ್ಳಮಾಸಿಗೆ ನಮ್ಮ ಕಾರ್ಖಾನೆಗೆ ರಜೆ ಇಲ್ಲ. ಅದಕ್ಕೆ ನನ್ನ ಜೊತೆ ಕೆಲಸ ಮಾಡುವ ಸಾಬರ ಗೆಳೆಯನೊಬ್ಬನ ಜೊತೆ ಒಪ್ಪಂದ ಮಾಡಿಕೊಂಡಿದ್ದೇನೆ. ರಂಜಾನ್ ಹಬ್ಬದ ದಿನ ಅವನ ಪಾಳಿ ನನ್ನದು, ಎಳ್ಳಮಾಸಿ ದಿನ ನನ್ನ ಪಾಳಿ ಅವನದು. ಲೆಕ್ಕಕ್ಕೆ ಲೆಕ್ಕ ಸರಿ. ಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ ಅವನ ಮನೆಗೆ, ಒಂದು ಡಬ್ಬಿ ಸುರಕುಂಬಾ (ಶ್ಯಾವಿಗೆ ಪಾಯಸ) ನಮ್ಮ ಮನೆಗೆ.

ಮಕ್ಕಳು ಸಣ್ಣವರಿರುವಾಗ ಹಬ್ಬ ಮಾಡುವುದು ಅಂದರೆ ಅವರನ್ನು ದಾರಿಯಿಂದ ಸರಿಸುವುದು ಅಂತಲೇ ಬಹಳ ಮನೆಗಳಲ್ಲಿ ನಡೆದಿದೆ. "ಒಲಿ ಹತ್ರ ಬರಬ್ಯಾಡ", "ಮುಟ್ಟಬ್ಯಾಡ", "ಹೋಗು, ಮೊಬೈಲ್ ನೋಡ್ಕೋತ ಕೂಡು". ಮೊಬೈಲ್ ಕೈಗೆ ಕೊಟ್ಟ ಮೇಲೆ ಮಗುವಿಗೆ ಹಬ್ಬಕ್ಕೂ ಬೇಸ್ತವಾರಕ್ಕೂ ಏನು ವ್ಯತ್ಯಾಸ? ನಾವು ಮಾಡಿಕೊಂಡ ನಿಯಮ ಒಂದೇ. ಪ್ರತಿ ಹಬ್ಬಕ್ಕೂ ಪ್ರತಿ ಮಗುವಿಗೂ ಒಂದು ಕೆಲಸ. ಆಟದ ಕೆಲಸ ಅಲ್ಲ, ನಿಜವಾದದ್ದು. ಅವರು ಮಾಡದಿದ್ದರೆ ಹಬ್ಬದಲ್ಲಿ ಅಷ್ಟು ಕಡಿಮೆಯಾಗಬೇಕು, ಹಾಗಿರಬೇಕು.

ಮೊದಲು ಎಳ್ಳಮಾಸಿಯ ಸಜ್ಜೆ ರೊಟ್ಟಿ. ಸಜ್ಜೆ ಹಿಟ್ಟು ಜೋಳದ ಹಿಟ್ಟಿಗಿಂತ ಬೇಗ ಕಹಿಯಾಗುತ್ತದೆ, ಆದ್ದರಿಂದ ಹಬ್ಬಕ್ಕೆ ಎಷ್ಟು ಬೇಕೋ ಅಷ್ಟನ್ನೇ ಒಂದೆರಡು ದಿನ ಮೊದಲು ಗಿರಣಿಗೆ ಹಾಕಿಸುತ್ತೇವೆ. ಗಿರಣಿಗೆ ಹೋಗುವುದು ನಾನು ಮತ್ತು ಮಗ. ಬಿಸಿ ಹಿಟ್ಟಿನೊಳಗೆ ಕೈ ಇಟ್ಟು ನೋಡುವುದು ಅವನ ಕೆಲಸ. ಇದೇನು ಕೆಲಸ ಅಂತ ಕೇಳಬೇಡಿ. ಹಿಟ್ಟು ನುಣ್ಣಗೆ ಬಂದಿದೆಯೋ ಇಲ್ಲವೋ ಅಂತ ಅಜ್ಜಿಗೆ ವರದಿ ಕೊಡುವವನು ಅವನೇ.

ಮಗಳದು ಎಳ್ಳು. ಸಜ್ಜೆಯಲ್ಲಿ ಗೋಧಿಯ ಜಿಗುಟು ಇಲ್ಲ, ಅದಕ್ಕೆ ಕುದಿಯುವ ನೀರು ಹಾಕಿಯೇ ನಾದಬೇಕು. ಅದು ದೊಡ್ಡವರ ಕೆಲಸ. ಆದರೆ ರೊಟ್ಟಿ ಬಡಿಯುತ್ತಿರುವಾಗಲೇ ಮೇಲೆ ಎಳ್ಳು ಉದುರಿಸಿ ಅಂಗೈಯಿಂದ ಒತ್ತಬೇಕಲ್ಲ, ಅದನ್ನು ಏಳು ವರ್ಷದ ಕೈ ಚೆನ್ನಾಗಿ ಮಾಡುತ್ತದೆ. ಹಂಚಿಗೆ ಹೋದ ಮೇಲೆ ಉದುರಿಸಿದರೆ ಎಳ್ಳು ಹಿಡಿಯುವುದಿಲ್ಲ, ಉದುರಿ ಹಂಚಿನ ಮೇಲೆ ಚಟಪಟ ಸಿಡಿಯುತ್ತದೆ. ಹಾಗಾಗಿ ನನ್ನ ಅವ್ವ ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕೂತು ಗಮನ ಇಡಲೇಬೇಕು. ಅವ್ವನ ಕೈ ನಿಲ್ಲುವುದಿಲ್ಲ, ಇವಳು ತಡ ಮಾಡಿದರೆ ಎಳ್ಳಿಲ್ಲದ ರೊಟ್ಟಿ ಹಂಚಿಗೆ ಹೋಗುತ್ತದೆ. "ಅಜ್ಜೀ, ತಡೀ ತಡೀ" ಅನ್ನುವುದು, "ನಿನ್ನ ಸಲವಾಗಿ ಒಲಿ ಕಾಯತೈತೇನ?" ಅನ್ನುವುದು ಇಡೀ ಮುಂಜಾನೆ ನಡೆಯುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ಎಲ್ಲಿದೆ ಅಂತ ಯಾರಿಗೂ ನೆನಪಿರುವುದಿಲ್ಲ.

ನಮ್ಮ ಹೊಲ ಯಲಬುರ್ಗಾ ಕಡೆ, ಎರೆ ಭೂಮಿ. ಆ ಹೊತ್ತಿಗೆ ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಕಾಯಿ ಹಿಡಿದಿರುತ್ತದೆ, ನಡುವೆ ಕುಸುಬೆ. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಬುಟ್ಟಿಗೆ ಹಾಕಿ, ಟ್ರ್ಯಾಕ್ಟರ್‌ನಲ್ಲಿ ಹೋಗುತ್ತೇವೆ. ಅಪ್ಪನ ಕಾಲದಲ್ಲಿ ಸವಾರಿ ಬಂಡಿ ಇತ್ತು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡುತ್ತೇವೆ. ಕಲ್ಲು ಆರಿಸುವುದು ಮಕ್ಕಳ ಕೆಲಸ. ಮಗ ಯಾವಾಗಲೂ ಭೀಮನಿಗೆ ಎತ್ತಲಾರದಷ್ಟು ದೊಡ್ಡ ಕಲ್ಲು ಹುಡುಕುತ್ತಾನೆ.

ಒಮ್ಮೆ ಮಗಳು ಕಲ್ಲು ಎಣಿಸಿ, "ದ್ರೌಪದಿ ಎಲ್ಲದಾಳ?" ಅಂತ ಕೇಳಿದಳು. ಅವ್ವ ಯೋಚನೆಯೇ ಮಾಡದೆ, "ಅಕಿ ಅಡಗಿ ಮಾಡಾಕತ್ಯಾಳ" ಅಂದಳು. "ಹಬ್ಬದ ದಿನಾನೂ?" ನನ್ನ ಹೆಂಡತಿ ಬೆಳಗ್ಗೆ ನಾಲ್ಕಕ್ಕೆ ಎದ್ದವಳು. ಏನೂ ಮಾತಾಡಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ಆವತ್ತಿನಿಂದ ಬದನೆಕಾಯಿ ಹೆಚ್ಚಿ ಮಸಾಲೆ ತುಂಬುವುದು ಮತ್ತು ಹಬ್ಬದ ಪಾತ್ರೆಗಳೆಲ್ಲ ನನ್ನ ಪಾಲಿಗೆ ಬಂದಿವೆ. ನಿಯಮ ಮಕ್ಕಳಿಗೆ ಮಾತ್ರ ಅಂತ ಯಾರು ಹೇಳಿದರು?

ಪೂಜೆ ಆದ ಮೇಲೆ ಚರಗ. ನೈವೇದ್ಯದ ಅಡುಗೆಯನ್ನು ಕಲಸಿ, ಹೊಲದ ಸುತ್ತ ಚೆಲ್ಲುತ್ತಾ ಹೋಗುವುದು. ಮುಂದಿನವರು "ಹುಲ್ಲುಲ್ಲಿಗೋ" ಅನ್ನಬೇಕು, ಹಿಂದಿನವರು ನೀರು ಚಿಮುಕಿಸುತ್ತಾ "ಸಲಾಂಬ್ರಿಗೋ" ಅನ್ನಬೇಕು. ಕೂಗುವ ಮಾತು ಊರೂರಿಗೆ ಬೇರೆ ಇದೆ, ನಮ್ಮಲ್ಲಿ ಹೀಗೆ. ಕೂಗುವ ಕೆಲಸ ಪೂರ್ತಿ ಮಕ್ಕಳದು. ಮನೆಯಲ್ಲಿ ಕೂಗಿದರೆ ಬೈಸಿಕೊಳ್ಳುವ ಮಕ್ಕಳಿಗೆ ಇಲ್ಲಿ ಗಂಟಲು ಬಿಚ್ಚಿ ಕೂಗಲು ಹೇಳುತ್ತೇವೆ. ಇದಕ್ಕಿಂತ ದೊಡ್ಡ ಹಬ್ಬ ಅವರಿಗೆ ಬೇಕೇ?

ಒಂದು ಮಾತ್ರ ನೆನಪಿಡಿ. ಪೂಜೆ, ಚರಗ, ಊಟ ಅನ್ನುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟುತ್ತದೆ. ಮೂರು ವರ್ಷದ ಹೊಟ್ಟೆ ಅಲ್ಲಿಯವರೆಗೆ ಕಾಯುವುದಿಲ್ಲ. ಹೊರಡುವ ಮೊದಲೇ ಮಗನಿಗೆ ಹಾಲು, ಉಪ್ಪಿಟ್ಟು ತಿನ್ನಿಸಿಬಿಡುತ್ತೇವೆ. ನೈವೇದ್ಯಕ್ಕೆ ಮೊದಲು ತಿನ್ನಿಸುವುದಾ ಅಂತ ಅವ್ವ ಮೊದಲು ತಕರಾರು ತೆಗೆದಿದ್ದಳು. ಅಪ್ಪನೇ ಬಗೆಹರಿಸಿದ. "ಕೂಸು ಅಂದ್ರ ದೇವ್ರ ಅಲ್ಲೇನ ಬೇ, ಮೊದಲ ಅದಕ್ಕ ಎಡಿ ಹಿಡದಿ ಅಂತ ತಿಳಕೋ." ಊಟ ಆದ ಮೇಲೆ ಕಡಲೆ ಗಿಡ ಕಿತ್ತು ಸುಲಿದು ತಿನ್ನುವುದು, ಎಲೆಯ ಮೇಲಿನ ಹುಳಿ ಬೆರಳಿಗೆ ಅಂಟಿದ್ದನ್ನು ನೆಕ್ಕುವುದು. ಮಗ ಕಣ್ಣು ಮುಚ್ಚಿ ಮುಖ ಕಿವುಚುತ್ತಾನೆ, ಮತ್ತೆ ಬೆರಳು ಹಚ್ಚುತ್ತಾನೆ. ಆಮೇಲೆ ಬನ್ನಿ ಗಿಡದ ನೆರಳಲ್ಲಿ ಕೌದಿ ಹಾಸಿ ಮಲಗಿಸುತ್ತೇವೆ. ನಿದ್ದೆಯ ಹೊತ್ತಿಗೆ ನಿದ್ದೆ ಸಿಗದಿದ್ದರೆ ವಾಪಸು ಬರುವಾಗ ಟ್ರ್ಯಾಕ್ಟರಿನ ಸದ್ದಿಗಿಂತ ಅವನ ಅಳುವೇ ಜಾಸ್ತಿ.

ಸಂಕ್ರಾಂತಿಯದು ಸ್ವಲ್ಪ ಬೇರೆ. ಭೋಗಿ ದಿನ ಮಗನಿಗೆ ಬಾರಿಹಣ್ಣು (ಎಲಚಿಹಣ್ಣು) ಎರೆಯುತ್ತೇವೆ. ಬಾರಿಹಣ್ಣು, ಕಬ್ಬಿನ ತುಂಡು, ಹೂವಿನ ಎಸಳು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲಿಂದ ಸುರಿಯುವುದು ಪದ್ಧತಿ. ಆದರೆ ಸುರಿದ ಕೂಡಲೇ ಓಣಿಯ ಮಕ್ಕಳೆಲ್ಲ ನೆಲಕ್ಕೆ ಬೀಳುತ್ತಾರೆ, ಸಣ್ಣವರ ಬಾಯಿಗೆ ಕಾಸು ಹೋಗಲು ಒಂದು ಗಳಿಗೆ ಸಾಕು. ನಾವು ಕಾಸು ತೆಗೆದು ಮಂಡಾಳು (ಮಂಡಕ್ಕಿ) ಸೇರಿಸಿದೆವು. "ರೊಕ್ಕ ಇಲ್ಲದ ಭೋಗಿ ಎಂಥಾದ್ದು?" ಅಂತ ಅತ್ತೆಯವರು ಕೇಳಿದರು. ಕೊನೆಗೆ ಅವರ ಕೈಯಲ್ಲೇ ಒಂದು ಹತ್ತು ರೂಪಾಯಿ ನಾಣ್ಯ ಹಿಡಿಸಿ ಆರತಿ ಮಾಡಿಸಿದೆವು. ಬಾರಿಹಣ್ಣಿನ ಬೀಜವೂ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದೇ. ಅದಕ್ಕೆ ಆರಿಸಿದ ಹಣ್ಣೆಲ್ಲ ಮೊದಲು ಅಕ್ಕನ ಬಟ್ಟಲಿಗೆ. ಅವಳು ಬೀಜ ತೆಗೆದು ತಮ್ಮನಿಗೆ ಕೊಡಬೇಕು, ಅದು ಅವಳ ಕೆಲಸ. ಕೂಲಿ ಅಂತ ಅರ್ಧ ಅವಳೇ ತಿನ್ನುತ್ತಾಳೆ.

ಮರುದಿನ ಬೆಳಗ್ಗೆ ಮೈಗೆ ಎಳ್ಳು ಹಚ್ಚಿಕೊಂಡು ಹುಲಗಿಯ ಹತ್ತಿರ ತುಂಗಭದ್ರೆಯಲ್ಲಿ ಸ್ನಾನ. ಚಳಿಗಾಲದ ಹೊಳೆ ನೀರಿಗೆ ಮಕ್ಕಳನ್ನು ಇಳಿಸುವುದು ಸುಲಭ ಅಲ್ಲ. ನಾವು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುತ್ತೇವೆ. ಬಕೀಟಿಗೆ ಹೊಳೆ ನೀರು ತುಂಬಿ, ಬಿಸಿನೀರು ಬೆರೆಸಿ, ದಡದ ಮೇಲೇ ಎರೆದುಬಿಡುತ್ತೇವೆ. ಹೊಳೆಯದೇ ನೀರು ತಾನೇ. ಅಲ್ಲಿಂದ ಮೇಲೆ ಮುನಿರಾಬಾದಿನಲ್ಲಿ ಆಣೆಕಟ್ಟೆ ಇದೆ, ನೀರು ಬಿಟ್ಟರೆ ಹೊಳೆ ಏರುತ್ತದೆ, ಹಾಗಾಗಿ ಮಕ್ಕಳಿಗೆ ಮೊಣಕಾಲಿಗಿಂತ ಮುಂದೆ ಬಿಡುವುದಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದ ಸುದ್ದಿ ಮಗಳ ತಲೆಯಲ್ಲಿ ಇನ್ನೂ ಕೂತಿದೆ. ಪ್ರತಿ ಸಲ ದಡದಲ್ಲಿ ನಿಂತು, "ಗೇಟ್ ಸರಿ ಐತಲ್ಲ?" ಅಂತ ನನ್ನನ್ನೇ ವಿಚಾರಣೆ ಮಾಡುತ್ತಾಳೆ. ಸಂಜೆ ಇಬ್ಬರೂ ಕುಸುರೆಳ್ಳು ಹಿಡಿದು ಓಣಿ ಸುತ್ತುತ್ತಾರೆ. ಕುಸುರೆಳ್ಳನ್ನು ಮನೆಯಲ್ಲಿ ಮಾಡುವ ತಾಳ್ಮೆ ನಮಗಿಲ್ಲ, ಪೇಟೆಯಿಂದ ತರುತ್ತೇವೆ. ಅದರಲ್ಲಿ ನಾಚಿಕೆಯೂ ಇಲ್ಲ.

ಇನ್ನು ಅಜ್ಜನ ಜಾತ್ರೆ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬಾ ಜೋಳದ ರೊಟ್ಟಿ, ಮಾದಲಿ (ಗೋಧಿ, ಬೆಲ್ಲದ ಸಿಹಿ ಪುಡಿ) ಬರುವುದನ್ನು ನೋಡಿದವರಿಗೆ ಹೇಳಬೇಕಿಲ್ಲ. ಲಕ್ಷಗಟ್ಟಲೆ ರೊಟ್ಟಿ ಒಂದೇ ದಿನದ್ದಲ್ಲ, ಮನೆ ಮನೆಗಳಲ್ಲಿ ಮುಂಚೆಯೇ ಸುಟ್ಟು, ಒಣಗಿಸಿ, ಕಡಕ್ ಮಾಡಿ ಕೂಡಿಟ್ಟದ್ದು. ನಮ್ಮ ಮನೆಯಿಂದಲೂ ಒಂದು ಗಂಟು ಹೋಗುತ್ತದೆ. ಆ ಗಂಟಿನಲ್ಲಿ ಮಗಳು ಬಡಿದ ಅಂಗೈ ಅಗಲದ ರೊಟ್ಟಿಗಳೂ ಇರುತ್ತವೆ. ದುಂಡಗಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು. ಇವನ್ನು ಮಠಕ್ಕೆ ಕೊಡುವುದಾ ಅಂತ ನನಗೆ ಅನುಮಾನ ಬಂದಾಗ ಅವ್ವ ಹೇಳಿದಳು, "ಹಸದ ಬಂದಾಂವ ರೊಟ್ಟಿ ದುಂಡಗೈತೇನ ಅಂತ ನೋಡಂಗಿಲ್ಲ." ಗಂಟನ್ನು ದಾಸೋಹದಲ್ಲಿ ಒಪ್ಪಿಸುವುದು ಮಗಳೇ.

ತೇರಿನ ಸಂಜೆ ಮಗನನ್ನು ಕರೆದುಕೊಂಡು ಹೋಗುವುದಿಲ್ಲ. ಆ ಗದ್ದಲದಲ್ಲಿ ಮೂರು ವರ್ಷದವನಿಗೆ ಕಾಣುವುದು ಜನರ ಕಾಲು ಮಾತ್ರ. ಮಗಳು ನನ್ನ ಜೊತೆ ಬರುತ್ತಾಳೆ, ದೂರ ನಿಂತು ತೇರಿಗೆ ಉತ್ತತ್ತಿ ಎಸೆಯುತ್ತಾಳೆ. ಅದು ಮುಂದೆ ನಿಂತವರ ತಲೆಗೆ ಬೀಳುತ್ತದೆ, ಅವರೂ ನಗುತ್ತಾರೆ. ಮಗನ ಸರದಿ ಮರುದಿನ ಬೆಳಗ್ಗೆ, ಜನ ಕಡಿಮೆ ಇರುವ ಹೊತ್ತಿಗೆ. ಹೊರಡುವ ಮೊದಲು ಇಬ್ಬರ ಮುಂಗೈ ಮೇಲೂ ಪೆನ್ನಿನಿಂದ ನನ್ನ ನಂಬರ್ ಬರೆಯುತ್ತೇವೆ. ಅಂಗಿ ಕಿಸೆಯಲ್ಲಿ ಚೀಟಿ ಇಟ್ಟರೆ ಉಳಿಯುವುದಿಲ್ಲ. ತಪ್ಪಿಸಿಕೊಂಡರೆ ಪೊಲೀಸರ ಹತ್ತಿರ ಇಲ್ಲವೇ ಅಂಗಡಿಯವರ ಹತ್ತಿರ ನಿಲ್ಲಬೇಕು, ಹುಡುಕುತ್ತಾ ಓಡಬಾರದು ಅಂತ ದಾರಿಯಲ್ಲೇ ಬಾಯಿಪಾಠ ಮಾಡಿಸುತ್ತೇವೆ. ಆಮೇಲೆ ದಾಸೋಹದಲ್ಲಿ ಊಟ, ಮಿರ್ಚಿ ಬಜಿ. ಖಾರಕ್ಕೆ ಮಗ ಮೇಲಿನ ಹಿಟ್ಟು ಬಿಡಿಸಿಕೊಂಡು ತಿಂದು ಮೆಣಸಿನಕಾಯಿ ನನ್ನ ಎಲೆಗೆ ಹಾಕುತ್ತಾನೆ.

ಜಾತ್ರೆಯ ಪ್ಲಾಸ್ಟಿಕ್ ಪೀಪಿ, ಬಂದೂಕು ಬೇಡ ಅಂತ ಹೇಳಿ ಗೆದ್ದಿದ್ದೇವೆ ಅಂತ ಸುಳ್ಳು ಹೇಳುವುದಿಲ್ಲ. ಒಂದು ಪೀಪಿಗೆ ಒಪ್ಪಿಗೆ. ಅದರ ಜೊತೆ ವರ್ಷಕ್ಕೊಂದು ಕಿನ್ನಾಳದ ಗೊಂಬೆ. ಊರು ನಮ್ಮ ತಾಲ್ಲೂಕಿನದೇ, ಒಂದು ಭಾನುವಾರ ಹೋಗಿ ಚಿತ್ರಗಾರರ ಮನೆಯಲ್ಲೇ ಕೂತು ಮಾಡುವುದನ್ನು ತೋರಿಸಿಕೊಂಡು ಬಂದೆವು. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಬಣ್ಣ ಹಚ್ಚುತ್ತಾರೆ. ಮನೆಯಲ್ಲಿ ಈಗ ಒಂದು ಆನೆ, ಒಂದು ಗಿಳಿ ಇವೆ. ಬಾಯಿಗೆ ಹಾಕುವ ವಯಸ್ಸಿನ ಮಗುವಿದ್ದರೆ ಮೇಲಿನ ಗೂಡಿನಲ್ಲಿ ಇಡುವುದು ಒಳ್ಳೆಯದು.

ಮುಂದಿನ ಎಳ್ಳಮಾಸಿಗೆ ಕೆಲಸ ಬದಲಾಗಬೇಕು ಅಂತ ಈಗಲೇ ಗಲಾಟೆ ಶುರುವಾಗಿದೆ. ಎಳ್ಳು ಉದುರಿಸುವುದು ತನಗೇ ಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಮಗಳಿಗೆ ಪೂರ್ತಿ ರೊಟ್ಟಿ ಬಡಿಯಬೇಕಂತೆ, ದೊಡ್ಡದು. ಹಾಗಾದರೆ ಕುದಿಯುವ ನೀರಿನಲ್ಲಿ ಹಿಟ್ಟು ನಾದುವುದು ಯಾರು ಅಂತ ಹೆಂಡತಿ ಕೇಳಿದಳು. ಇಬ್ಬರೂ ನನ್ನ ಕಡೆ ಕೈ ಮಾಡಿದರು.