ಬೆವರಿನ ಲೆಕ್ಕ: ಸಕ್ರೆಬೈಲಿನ ದಾರಿಯಲ್ಲಿ ಮ್ಯಾರಥಾನ್ ತಯಾರಿ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಗಾಜನೂರು ಅಣೆಕಟ್ಟೆ ಸುಮಾರು 12 ಕಿ.ಮೀ., ಸಕ್ರೆಬೈಲಿನ ಆನೆ ಬಿಡಾರ 14. ಹೋಗಿ ಬಂದರೆ 28. ಪೂರ್ಣ ಮ್ಯಾರಥಾನ್ 42.195 ಕಿ.ಮೀ.ಗೆ ತಯಾರಾಗುವವರಿಗೆ ಈ 28ರ ಓಟವೇ ಮೊದಲ ನಿಜವಾದ ಪರೀಕ್ಷೆ. 21 ಕಿ.ಮೀ.ವರೆಗೆ ನೀರಿನ ಯೋಚನೆಯಿಲ್ಲದೆ ಹೇಗೋ ಓಡಿ ಮುಗಿಸಬಹುದು, ಆಮೇಲೆ ಅದು ನಡೆಯುವುದಿಲ್ಲ. ನಮ್ಮ ಭಾನುವಾರದ ಗುಂಪಿನಲ್ಲಿ ಅರ್ಧ ಮ್ಯಾರಥಾನಿನಿಂದ ಪೂರ್ಣಕ್ಕೆ ದಾಟಿದವರೆಲ್ಲ ಇದೇ ದಾರಿಯಲ್ಲಿ ದಾಟಿದ್ದು. ಎಷ್ಟು ಕಿ.ಮೀ. ಓಡಬೇಕೆಂಬ ಪಟ್ಟಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಎಷ್ಟು ಕುಡಿಯಬೇಕೆಂಬುದು ಮಾತ್ರ ಒಬ್ಬರದು ಇನ್ನೊಬ್ಬರಿಗೆ ಆಗದು. ಅದನ್ನು ಅಳೆದೇ ತಿಳಿಯಬೇಕು, ಅಳೆಯಲು ಜೊತೆಗೆ ನಾಲ್ಕು ಜನ ಬೇಕು.

ಅಳೆಯುವುದಕ್ಕೆ ಬೇಕಾದ್ದು 100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತೂಕದ ಯಂತ್ರ. ಗುಂಪಿಗೆ ಒಂದು ಸಾಕು. ಓಡುವ ಮುಂಚೆ ಮೂತ್ರ ವಿಸರ್ಜಿಸಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ, ಬರಿಗಾಲಲ್ಲಿ ನಿಂತು ತೂಕ ನೋಡಿಕೊಳ್ಳಬೇಕು. ಓಡಿ ಬಂದ ಮೇಲೆ ಮೈ, ತಲೆಗೂದಲು ಒರೆಸಿಕೊಂಡು, ಒಣ ಬಟ್ಟೆ ಹಾಕಿಕೊಂಡು ಮತ್ತೆ ನಿಲ್ಲಬೇಕು. ಉದಾಹರಣೆಗೆ, ಹೋಗುವಾಗ 64.2 ಕೆ.ಜಿ., ಬಂದಾಗ 63.1, ನಡುವೆ ಕುಡಿದದ್ದು 400 ಮಿ.ಲೀ., ಓಡಿದ್ದು ಒಂದೂವರೆ ಗಂಟೆ. ಕಳೆದದ್ದು 1.1 ಕೆ.ಜಿ., ಅದಕ್ಕೆ ಕುಡಿದ 0.4 ಸೇರಿಸಿದರೆ ಒಂದೂವರೆ ಲೀಟರ್. ಅಂದರೆ ಗಂಟೆಗೆ ಒಂದು ಲೀಟರ್ ಬೆವರು. ದಾರಿಯಲ್ಲಿ ಮೂತ್ರಕ್ಕೆ ಹೋಗಿದ್ದರೆ ಈ ಲೆಕ್ಕ ಕೆಡುತ್ತದೆ, ಅವತ್ತಿನದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಉಸಿರಿನಲ್ಲಿ ಹೋಗುವ ತೇವ, ಉರಿದ ಸಕ್ಕರೆ ಕೊಬ್ಬು ಎಲ್ಲವೂ ಈ ತೂಕದಲ್ಲಿ ಸೇರಿರುತ್ತವೆ. ಹಾಗಾಗಿ ಸಂಖ್ಯೆ ನಿಜವಾದ ಬೆವರಿಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ.

ತಪ್ಪು ಆಗುವುದು ಸಣ್ಣ ವಿಷಯಗಳಲ್ಲಿ. ಯಂತ್ರವನ್ನು ಚಾಪೆಯ ಮೇಲೋ ಏರುತಗ್ಗಿನ ಹಳೆಯ ಕಾವಿ ನೆಲದ ಮೇಲೋ ಇಟ್ಟರೆ ಒಂದೇ ನಿಮಿಷದಲ್ಲಿ ಅರ್ಧ ಕೆ.ಜಿ. ಆಚೀಚೆ ತೋರಿಸುತ್ತದೆ. ಕಲ್ಲುಚಪ್ಪಡಿ ಅಥವಾ ಟೈಲ್ಸ್ ಬೇಕು, ಎರಡೂ ಸಲ ಅದೇ ಜಾಗದಲ್ಲಿ ಇಡಬೇಕು. ಜುಲೈನಲ್ಲಿ ನೆನೆದ ಟೀ ಶರ್ಟಿನಲ್ಲೇ ನಿಂತವರಿಗೆ 'ನಾನು ಬೆವರುವುದೇ ಇಲ್ಲ' ಎಂಬ ಉತ್ತರ ಸಿಗುತ್ತದೆ. ಆ ಶರ್ಟ್ ಹಿಂಡಿದರೆ ಗೊತ್ತಾಗುತ್ತದೆ ಎಷ್ಟು ಮಳೆ, ಎಷ್ಟು ಬೆವರು ಅಂತ.

ಮಲೆನಾಡಿನವರಿಗೆ ಇನ್ನೊಂದು ಭ್ರಮೆ ಇದೆ: ನಮ್ಮದು ತಂಪು ಊರು, ಇಲ್ಲಿ ಬೆವರು ಕಡಿಮೆ. ಮಳೆಗಾಲದ ಬೆಳಗ್ಗೆ ಬಿಸಿಲೇ ಇರುವುದಿಲ್ಲ ನಿಜ. ಆದರೆ ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಆರಿದರೆ ಮಾತ್ರ ಮೈ ತಣ್ಣಗಾಗುವುದು. ತಣ್ಣಗಾಗಲಿಲ್ಲವೆಂದು ದೇಹ ಇನ್ನಷ್ಟು ಸುರಿಸುತ್ತದೆ. ಅದಕ್ಕೇ ಒಂದೇ ಅಳತೆ ಸಾಲದು. ಮಳೆಗಾಲದಲ್ಲಿ ಒಂದು, ಡಿಸೆಂಬರಿನ ಚಳಿಯಲ್ಲಿ ಒಂದು, ಮಾರ್ಚ್ ಬಿಸಿಲಿನಲ್ಲಿ ಒಂದು ಎಂದು ಮೂರಾದರೂ ಬೇಕು. ನೋಟ್‌ಬುಕ್ಕಿನಲ್ಲಿ ಹೆಸರು, ದಿನ, ಸಮಯ, ಮಳೆಯೋ ಬಿಸಿಲೋ, ಎರಡು ತೂಕ, ಕುಡಿದದ್ದು, ಓಡಿದ ನಿಮಿಷ ಇಷ್ಟನ್ನೇ ಬರೆಯುತ್ತೇವೆ. ಬರೆಯುವವರು ಅವತ್ತು ಓಡದವರು; ಕಾಲು ನೋವೋ ಜ್ವರವೋ ಇರುವವರಿಗೆ ಆ ಕೆಲಸ. ಓಡದಿದ್ದರೂ ಭಾನುವಾರ ತಪ್ಪುವುದಿಲ್ಲ, ಮುಂದಿನ ವಾರ ಮರಳುವುದೂ ಸುಲಭ.

ಬೆವರಿದಷ್ಟನ್ನೂ ಕುಡಿಯಬೇಕಿಲ್ಲ. ಮೈತೂಕದ ಶೇ. 2ಕ್ಕಿಂತ ಹೆಚ್ಚು ಕಳೆಯದಂತೆ ನೋಡಿಕೊಳ್ಳಿ ಎಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರಲ್ಲಿ ಹೇಳಿದ್ದನ್ನೇ ನಾವು ಗೆರೆಯಾಗಿ ಇಟ್ಟುಕೊಂಡಿದ್ದೇವೆ. ಮೇಲಿನ 64 ಕೆ.ಜಿ.ಯವರು ನಾಲ್ಕೂವರೆ ಗಂಟೆಯ ಗುರಿ ಇಟ್ಟುಕೊಂಡಿದ್ದಾರೆ ಅನ್ನಿ. ಬೆವರು 4.5 ಲೀಟರ್. ಶೇ. 2 ಅಂದರೆ ಸುಮಾರು 1.3, ಅಷ್ಟು ಕಳೆದರೆ ಪರವಾಗಿಲ್ಲ. ಉಳಿದ 3.2 ಲೀಟರನ್ನು ನಾಲ್ಕೂವರೆ ಗಂಟೆಗೆ ಹಂಚಿದರೆ ಗಂಟೆಗೆ 710 ಮಿ.ಲೀ., ಕಾಲು ಗಂಟೆಗೊಮ್ಮೆ ಸುಮಾರು 180.

ಈಗ ಅದೇ ಗುಂಪಿನ 50 ಕೆ.ಜಿ. ತೂಕದ, ನಿಧಾನವಾಗಿ ಐದೂವರೆ ಗಂಟೆಯಲ್ಲಿ ಮುಗಿಸುವವರನ್ನು ನೋಡಿ. ಬೆವರು ಗಂಟೆಗೆ 550 ಮಿ.ಲೀ., ಒಟ್ಟು 3 ಲೀಟರ್. ಒಂದು ಲೀಟರ್ ಬಿಟ್ಟರೆ ಕುಡಿಯಬೇಕಾದ್ದು 2 ಲೀಟರ್, ಗಂಟೆಗೆ ಸುಮಾರು 370. ಇವರು ಪಕ್ಕದವರನ್ನು ನೋಡಿ 710ರಂತೆ ಕುಡಿದರೆ ಒಟ್ಟು 3.9 ಲೀಟರ್ ಆಗುತ್ತದೆ. ಬೆವರಿದ್ದಕ್ಕಿಂತ 900 ಮಿ.ಲೀ. ಜಾಸ್ತಿ! 'ಚೆನ್ನಾಗಿ ನೀರು ಕುಡೀರಿ' ಎಂಬ ಸಲಹೆ ಅಪಾಯವಾಗುವುದು ಇಲ್ಲೇ. ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುವ ಈ ಸ್ಥಿತಿಗೆ ಹೈಪೊನೇಟ್ರೀಮಿಯಾ ಎನ್ನುತ್ತಾರೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13 ಮಂದಿಯ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. ಓಡುವಾಗ ತೂಕ ಏರಿಸಿಕೊಂಡವರೂ ಹೆಚ್ಚು ಹೊತ್ತು ರಸ್ತೆಯಲ್ಲಿದ್ದವರೂ ಅದಕ್ಕೆ ಹೆಚ್ಚು ಸಿಕ್ಕಿಬಿದ್ದಿದ್ದರು. ಗುಂಪಿನಲ್ಲಿ ಕೊನೆಗೆ ಬರುವವರ ಮೇಲೆ ಎಲ್ಲರೂ ಪ್ರೀತಿಯಿಂದ ನೀರು ಹೇರುತ್ತಾರೆ. ನಮ್ಮಲ್ಲಿ ಅದಕ್ಕೆ ತಡೆ: ಕೇಳದೆ ಯಾರಿಗೂ ಬಾಟಲಿ ಚಾಚುವಂತಿಲ್ಲ.

ಲಕ್ಷಣಗಳನ್ನು ಎಲ್ಲರೂ ತಿಳಿದಿರಬೇಕು. ಬಾಯಿ ಒಣಗುವುದು, ವಿಪರೀತ ಬಾಯಾರಿಕೆ, ಎದ್ದು ನಿಂತರೆ ತಲೆ ಸುತ್ತುವುದು, ತೂಕ ಇಳಿದಿರುವುದು ನೀರಿನ ಕೊರತೆಯ ಕಡೆಗೆ. ಉಂಗುರ, ವಾಚಿನ ಪಟ್ಟಿ ಬಿಗಿಯಾಗುವುದು, ಹೊಟ್ಟೆ ಉಬ್ಬರ, ವಾಂತಿ, ತಲೆನೋವು, ಮಾತು ತಡವರಿಸುವುದು, ತೂಕ ಏರಿರುವುದು ಇನ್ನೊಂದು ಕಡೆಗೆ. ಕೆಲವು ಲಕ್ಷಣ ಎರಡರಲ್ಲೂ ಬರುತ್ತವೆ, ತೂಕವೇ ಅಲ್ಲಿ ಸಾಕ್ಷಿ. ಗಲಿಬಿಲಿಗೊಂಡವರಿಗೆ ಬರೀ ನೀರು ಕುಡಿಸಬಾರದು. ಆಸ್ಪತ್ರೆಗೆ ಕರೆದೊಯ್ದು, 'ಇಷ್ಟು ಗಂಟೆ ಓಡಿದ್ದಾರೆ, ಸೋಡಿಯಂ ನೋಡಿ' ಎಂದು ಮೊದಲೇ ಹೇಳಬೇಕು. ಓಟದ ದಿನ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಿ ಹೊರಡುವ ಚಾಳಿಯೂ ಬೇಡ. ಅದು ಮೂತ್ರಪಿಂಡಕ್ಕೂ ಹೊರೆ, ಈ ಅಪಾಯವನ್ನೂ ಹೆಚ್ಚಿಸುತ್ತದೆ.

ಬಾಟಲಿಯಲ್ಲಿ ಏನಿರಬೇಕು? ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಒಂದೂವರೆ ಗ್ರಾಂ ಪುಡಿ ಉಪ್ಪು, ಅರ್ಧ ನಿಂಬೆಹಣ್ಣು. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿ.ಗ್ರಾಂ ಸೋಡಿಯಂ ಇರುವುದರಿಂದ ಲೀಟರಿಗೆ ಸುಮಾರು 590 ಸಿಗುತ್ತದೆ. ಪುಡಿ ಉಪ್ಪಾದರೆ ಟೀ ಚಮಚದ ಕಾಲು ಭಾಗ. ಕಲ್ಲುಪ್ಪಿಗೆ ಈ ಅಳತೆ ನಡೆಯದು, ಹರಳುಗಳ ನಡುವೆ ಖಾಲಿ ಜಾಗ ಇರುತ್ತದೆ. ಶನಿವಾರ ಸಂಜೆ ಸಣ್ಣ ತಕ್ಕಡಿಯಲ್ಲಿ ತೂಗಿ, ಲೀಟರಿಗೊಂದರಂತೆ ಪೊಟ್ಟಣ ಕಟ್ಟಿಡುವುದು ನಿಖರ. ಬಟ್ಟೆಯ ಮೇಲೆ ಬಿಳಿ ಉಪ್ಪಿನ ಗೆರೆ ಕೂರುವವರು 2 ಗ್ರಾಂವರೆಗೆ ಏರಿಸಿ ನೋಡಬಹುದು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರುಕ್ಟೋಸ್ ಎರಡೂ ಅರ್ಧರ್ಧ. ಕರುಳು ಅವನ್ನು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುವುದರಿಂದ ದುಬಾರಿ ಪುಡಿಗಳ ಹಂಗು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಲ್ಲದ ಪಾನಕ ರುಚಿಯೇನೋ ಹೌದು. ಆದರೆ ಸೋಸದಿದ್ದರೆ ತಳದಲ್ಲಿ ಕಸ, ಬಿಸಿಲೇರಿದರೆ ಹುಳಿ ವಾಸನೆ. ಎರಡು ಗಂಟೆಯೊಳಗಿನ ಓಟಕ್ಕೆ ಸರಿ, ಬಟ್ಟೆಯಲ್ಲಿ ಸೋಸಿಕೊಳ್ಳಿ. ನಿಂಬೆ ಬೇಸರವಾದವರು ಮುರುಗಲು ನೆನೆಸಿದ ನೀರು ಹಾಕುತ್ತಾರೆ, ಚೆನ್ನಾಗಿರುತ್ತದೆ. ಎಳನೀರನ್ನು ಓಟದ ನಡುವೆ ನೆಚ್ಚಿಕೊಳ್ಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಮಜ್ಜಿಗೆ ಮುಗಿಸಿದ ಮೇಲೆ ಅಮೃತ, ಓಡುವಾಗ ಹೊಟ್ಟೆಯಲ್ಲಿ ಕಡೆಗೋಲು.

ಓಆರ್‌ಎಸ್ ಪುಡಿಯ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಒಂದು ಲೀಟರಿಗೆಂದು ಮಾಡಿದ ಪೊಟ್ಟಣವನ್ನು ಕಾಲು ಲೀಟರ್ ಬಾಟಲಿಗೆ ಸುರಿಯುವುದು ಮೊದಲನೆಯದು. ಅಷ್ಟು ಗಟ್ಟಿ ದ್ರವ ಕರುಳಿಗೆ ಇಳಿದರೆ ದೇಹದ ನೀರನ್ನೇ ಅದರೊಳಗೆ ಎಳೆಯುತ್ತದೆ, ಹೊಟ್ಟೆ ಹಿಂಡಿ ಭೇದಿಯಾಗುತ್ತದೆ. ಅದನ್ನೇ ಇಂಧನವೆಂದು ನಂಬುವುದು ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಉದ್ದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಬೇಕು. ನಮ್ಮ ಮಿಶ್ರಣದಲ್ಲಿ 710 ಮಿ.ಲೀ. ಕುಡಿಯುವವರಿಗೆ 43 ಗ್ರಾಂ ಸಿಗುತ್ತದೆ. 370 ಕುಡಿಯುವವರಿಗೆ 22 ಅಷ್ಟೇ, ಅವರು ಗಂಟೆಗೊಂದು ಪುಟ್ಟಬಾಳೆ ಸೇರಿಸಿಕೊಳ್ಳುತ್ತಾರೆ.

ಕುಡಿದದ್ದು ಎಷ್ಟೆಂದು ಓಡುವಾಗ ಹೇಗೆ ತಿಳಿಯುವುದು? ಗುಟುಕು ಎಣಿಸಿ. ಮನೆಯಲ್ಲಿ ಅರ್ಧ ಲೀಟರ್ ಬಾಟಲಿ ಹಿಡಿದು, ಅಂಗಳದಲ್ಲಿ ಸಣ್ಣಗೆ ಓಡುತ್ತಾ ಹತ್ತು ಗುಟುಕು ಕುಡಿದು ಉಳಿದದ್ದನ್ನು ಅಳೆಯಿರಿ. ಕೆಲವರದು 20 ಮಿ.ಲೀ., ಕೆಲವರದು 40. ನಿಮ್ಮದು 30 ಎಂದಾದರೆ 180ಕ್ಕೆ ಆರು ಗುಟುಕು, ಮುಗಿಯಿತು. ಸ್ಪರ್ಧೆಗಳಲ್ಲಿ ಕೊಡುವ ಕಾಗದದ ಲೋಟದ ಬಾಯನ್ನು ಚಿವುಟಿ ಕೊಕ್ಕಿನಂತೆ ಮಾಡಿ, ಹತ್ತು ಹೆಜ್ಜೆ ನಡೆದು ಕುಡಿಯಬೇಕು. ಓಡುತ್ತಲೇ ಎತ್ತಿದರೆ ಅರ್ಧ ಮೂಗಿಗೆ, ಅರ್ಧ ಶರ್ಟಿಗೆ. ಏರಿನಲ್ಲಿ ಏದುಸಿರು ಬಿಡುವಾಗ ಬೇಡ, ದಿಣ್ಣೆ ಹತ್ತಿ ಉಸಿರು ಸಮ ಆದ ಮೇಲೆ ಕುಡಿಯಿರಿ.

ಸಕ್ರೆಬೈಲಿನ ಓಟದ ಏರ್ಪಾಡು ಹೀಗೆ. 5, 9.5, 14ನೇ ಕಿ.ಮೀ.ಗಳಲ್ಲಿ ಮೂರು ನಿಲುಗಡೆ, ಬರುವಾಗ ಮೊದಲೆರಡು ಮತ್ತೆ ಸಿಗುವುದರಿಂದ ಒಟ್ಟು ಐದು ಸಲ ನೀರು. ಪ್ರತಿ ಬಾಟಲಿಗೂ ಬಿಳಿ ಟೇಪಿನ ಮೇಲೆ ಹೆಸರು. ಅವರವರ ಲೆಕ್ಕದಂತೆ ತುಂಬಿ, ಟೊಮೆಟೊ ಕ್ರೇಟಿನಲ್ಲಿ ಜೋಡಿಸಿ, ಸ್ಕೂಟರಿನವರು ಮುಂಚೆಯೇ ಹೊರಡುತ್ತಾರೆ. ಕಾಲಿಡುವ ಜಾಗದಲ್ಲಿ 20 ಲೀಟರ್ ಕ್ಯಾನ್, ತಲೆಗೆ ಸುರಿದುಕೊಳ್ಳಲು. ಒಂದೇ ಸಲ 400 ಮಿ.ಲೀ. ಇಳಿಸಿದರೆ ಹೊಟ್ಟೆಯಲ್ಲಿ ಕುಲುಕುವುದರಿಂದ ಹೆಚ್ಚು ಬೇಕಾದವರು ಕೈಯಲ್ಲೊಂದು ಸಣ್ಣ ಬಾಟಲಿ ಹಿಡಿದಿರುತ್ತಾರೆ. ಬಾಟಲಿಗಳನ್ನು ರಸ್ತೆ ಪಕ್ಕ ಬಿಟ್ಟು ಬಂದರೆ ಕೋತಿಗಳ ಪಾಲು. ಬಾಳೆಹಣ್ಣಂತೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲೇ ಇರಬೇಕು. ಟೀ ಅಂಗಡಿಯವರನ್ನು ಕೇಳಿದರೆ ಜಾಗ ಕೊಡುತ್ತಾರೆ, ವಾಪಸ್ಸಾಗುವಾಗ ಅಲ್ಲೇ ತಿಂಡಿ ತಿನ್ನುವುದು ಮರ್ಯಾದೆ. ಹೆದ್ದಾರಿಯಾದ್ದರಿಂದ ಬಲಬದಿಯಲ್ಲಿ, ಎದುರು ಬರುವ ಲಾರಿಗಳಿಗೆ ಮುಖ ಮಾಡಿ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟು, ಒಂದೇ ಸಾಲಿನಲ್ಲಿ ಓಡಬೇಕು. ಎಲ್ಲರಿಗಿಂತ ಹಿಂದೆ ಒಬ್ಬ ಅನುಭವಿ ಇರುತ್ತಾರೆ, ಸರದಿಯ ಮೇಲೆ. ಬೆಳಗ್ಗೆ ಐದರ ಕತ್ತಲೆಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಬರಲು ಈ ವ್ಯವಸ್ಥೆಯೇ ಕಾರಣ.

ದೂರದ ಪಟ್ಟಿ ಬಗ್ಗೆ ಹೆಚ್ಚು ಹೇಳುವುದಿಲ್ಲ: 18 ವಾರ, ಭಾನುವಾರದ ಓಟ 14 ಕಿ.ಮೀ.ಯಿಂದ 32ರವರೆಗೆ, ಪ್ರತಿ ನಾಲ್ಕನೇ ವಾರ ಇಳಿಕೆ, ಕೊನೆಯ ಮೂರು ವಾರ ಕಡಿತ.

ಜನವರಿಯ ಮುಂಬೈ ಮ್ಯಾರಥಾನಿಗೆ ಹೋಗುವವರು ಒಂದು ವಿಷಯ ಗಮನಿಸಿ. ಕೊನೆಯ ಉದ್ದ ಓಟಗಳನ್ನೆಲ್ಲ ನಾವು ಓಡುವುದು ಮಲೆನಾಡಿನ ಚಳಿಯಲ್ಲಿ. ಅಲ್ಲಿರುವುದು ಕಡಲ ತೀರದ ತೇವ, ಪೆಡ್ಡರ್ ರೋಡಿನ ಏರು. ಡಿಸೆಂಬರಿನ ಲೆಕ್ಕ ಅಲ್ಲಿ ಕೈಕೊಡುತ್ತದೆ. ಕೊನೆಯ 10ರಿಂದ 14 ದಿನ ಸಣ್ಣ ಓಟಗಳನ್ನು ಬೆಳಗ್ಗೆ ಹತ್ತರ ನಂತರ ಓಡಿ ಮೈಯನ್ನು ಸೆಕೆಗೆ ಒಗ್ಗಿಸಬೇಕು. ಸಾಧ್ಯವಾದರೆ ಒಂದು ಭಾನುವಾರ ಘಟ್ಟ ಇಳಿದು ಕುಂದಾಪುರದಲ್ಲಿ ಓಡಿ, ತೂಕದ ಯಂತ್ರ ಜೊತೆಗಿರಲಿ.

ಓಟದ ದಿನ ಎರಡು ಗಂಟೆ ಮುಂಚೆ ಮೈತೂಕದ ಪ್ರತಿ ಕೆ.ಜಿ.ಗೆ 5ರಿಂದ 7 ಮಿ.ಲೀ. ನೀರು, 64 ಕೆ.ಜಿ.ಗೆ 320ರಿಂದ 450. ಶೌಚಕ್ಕೆ ಅಷ್ಟು ಸಮಯ ಬೇಕು. ಅಭ್ಯಾಸದ ಕಾಫಿ ಬಿಡಬೇಕಿಲ್ಲ. ಮುಗಿದ ಮೇಲೆ ಕಳೆದ ಪ್ರತಿ ಕೆ.ಜಿ.ಗೆ ಒಂದೂಕಾಲರಿಂದ ಒಂದೂವರೆ ಲೀಟರ್, ಕೆಲವು ಗಂಟೆಗಳಲ್ಲಿ ನಿಧಾನವಾಗಿ. ಉಪ್ಪು ಹಾಕಿದ ಗಂಜಿ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಇದ್ದರೆ ಬೇರೆ ಪಾನೀಯ ಹುಡುಕಬೇಕಿಲ್ಲ.

ಇನ್ನು ಬಾಟಲಿ ತೊಳೆಯುವ ಕೆಲಸ, ಎಲ್ಲರೂ ತಪ್ಪಿಸಿಕೊಳ್ಳುವಂಥದ್ದು. ಸಕ್ಕರೆ ನೀರು ಉಳಿದ ಬಾಟಲಿ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಒಳಗೆ ಬಿಸಿನೀರು, ಅಡುಗೆ ಸೋಡಾ ಹಾಕಿ ಕುಲುಕಿದರೆ ಬಾಟಲಿ ಶುದ್ಧವಾಗುತ್ತದೆ. ಕಪ್ಪು ಕೂರುವುದು ಮುಚ್ಚಳದೊಳಗಿನ ರಬ್ಬರ್ ಬಳೆಯ ಹಿಂದೆ. ಪಿನ್ನಿನಿಂದ ಅದನ್ನು ಎಬ್ಬಿಸಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಬಚ್ಚಲೊಲೆಯ ಹತ್ತಿರ ಒಣಗಿಸಿ ಮತ್ತೆ ಕೂರಿಸಬೇಕು.