ಮೂರು ಇಂಚಿನಲ್ಲಿ ಒಂದು ಬೈಲು

ಎರಡು ಇಂಚು ಎತ್ತರ, ಮೂರು ಇಂಚು ಅಗಲ. ಒಂಬತ್ತು ವರ್ಷದಿಂದ ನಾನು ಹೆಚ್ಚಾಗಿ ಈ ಅಳತೆಯ ಕಾಗದದಲ್ಲೇ ಜಲವರ್ಣದ ಚಿತ್ರ ಬರೆಯುತ್ತಿದ್ದೇನೆ. ನಮ್ಮ ಮನೆ ಇರುವುದು ಉಡುಪಿಯ ಕಲ್ಯಾಣಪುರದ ಹತ್ತಿರ, ಕೆಲಸ ಮಣಿಪಾಲದಲ್ಲಿ. ಬೆಳಿಗ್ಗೆ ಬಸ್ಸಿಗೆ ಮೊದಲು ಮುಕ್ಕಾಲು ಗಂಟೆ ಸಿಗುತ್ತದೆ. ಆ ಹೊತ್ತಿನಲ್ಲಿ ಸ್ವರ್ಣಾ ಹೊಳೆಯ ದಡದಲ್ಲೋ ಮನೆ ಹಿಂದಿನ ಭತ್ತದ ಗದ್ದೆಗಳ ಬೈಲಿನಲ್ಲೋ ಕೂತು ಮುಗಿಸಬಹುದಾದ ಚಿತ್ರ ನನಗೆ ಬೇಕಿತ್ತು. ದೊಡ್ಡ ಹಾಳೆಯಲ್ಲಿ ಆಕಾಶ ಒಣಗುವಷ್ಟರಲ್ಲಿ ಎದುರಿನ ಬೆಳಕೇ ಬದಲಾಗಿರುತ್ತಿತ್ತು.

ಮೊದಲ ವರ್ಷ ದೊಡ್ಡ ಚಿತ್ರವನ್ನೇ ಕುಗ್ಗಿಸಿದರೆ ಆಯಿತು ಅಂದುಕೊಂಡಿದ್ದೆ. ಮೂರು ಸೊನ್ನೆಯ ಅತಿ ಸಣ್ಣ ಬ್ರಷ್ ತಂದು, ಭೂತಗನ್ನಡಿ ಹಿಡಿದು, ತೆಂಗಿನ ಒಂದೊಂದು ಗರಿಯನ್ನೂ ಬರೆದೆ. ತೋಳು ಚಾಚಿ ದೂರದಿಂದ ನೋಡಿದರೆ ಗರಿಯೂ ಇಲ್ಲ, ಮರವೂ ಇಲ್ಲ, ಕಪ್ಪು ಹಸಿರಿನ ಮುದ್ದೆ. ಒಂದು ದಿನ ಕೆಮ್ಮಣ್ಣಿನ ತೂಗುಸೇತುವೆಯ ಬದಿಯಲ್ಲಿ ಕೂತು ಹೊಳೆ ನಡುವಿನ ಕುದ್ರುವಿನ ತೆಂಗಿನ ಸಾಲನ್ನು ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದೆ. ಕಂಡದ್ದು ಬರೀ ಒಂದು ನೀಲಿಬೂದು ಪಟ್ಟಿ, ಮೇಲಿನ ಅಂಚು ಮಾತ್ರ ಹರಿದ ಬಟ್ಟೆಯ ಹಾಗೆ. ಈಗ ಆ ಸಾಲನ್ನು ಎರಡನೇ ನಂಬರಿನ, ತುದಿ ಚೂಪಾದ ಬ್ರಷ್‌ನಿಂದ ಒಂದೇ ಎಳೆತದಲ್ಲಿ ಹಾಕುತ್ತೇನೆ. ಎತ್ತರ ಎರಡು ಮಿಲಿಮೀಟರ್ ಇರಬಹುದು. ಬಣ್ಣ ಹಸಿ ಇರುವಾಗಲೇ ಒಣ ಬ್ರಷ್‌ನ ಅಂಚಿನಿಂದ ಮೂರು ಕಡೆ ಬಣ್ಣ ಎತ್ತಿದರೆ ಬಿಸಿಲು ತಾಗಿದ ಕಾಂಡಗಳಾಗುತ್ತವೆ. ಮೂರು ಸಾಕು. ಐದಾದರೆ ಬೇಲಿಯ ಹಾಗೆ ಕಾಣುತ್ತದೆ.

ರಾಜಸ್ಥಾನದ ಕಿರುಚಿತ್ರ ಪರಂಪರೆಯಲ್ಲಿ ಅಳಿಲಿನ ಕೂದಲಿನ ಕುಂಚದಿಂದ ಎಲೆ ಎಲೆಯನ್ನೂ ಬರೆಯುತ್ತಾರೆ. ಅದರ ಬಗ್ಗೆ ನನಗೆ ಅಪಾರ ಗೌರವ. ಆದರೆ ನಮ್ಮಲ್ಲಿ ಗಾಳಿಯೇ ಒದ್ದೆ, ಹೊಳೆಯ ಆಚೆಗಿನದ್ದೆಲ್ಲ ಮಸುಕು. ಆ ಮಸುಕನ್ನು ಬಿಟ್ಟರೆ ಅದು ಉಡುಪಿಯೇ ಅಲ್ಲ. ಅವರಿಂದ ನಾನು ಕಲಿತದ್ದು ಕಾಗದದ ವಿಷಯ. ಅವರು ಕಾಗದವನ್ನು ಅಗೇಟ್ ಕಲ್ಲಿನಿಂದ ಉಜ್ಜಿ ನುಣುಪು ಮಾಡಿಕೊಳ್ಳುತ್ತಾರೆ. ನಾನು ಚದರ ಮೀಟರಿಗೆ 300 ಗ್ರಾಂ ತೂಗುವ (300 ಜಿಎಸ್ಎಂ), ಹತ್ತಿಯಿಂದ ಮಾಡಿದ, ನುಣುಪಾದ ಹಾಟ್ ಪ್ರೆಸ್ ಕಾಗದ ಬಳಸುತ್ತೇನೆ. ಕೋಲ್ಡ್ ಪ್ರೆಸ್ ಕಾಗದದ ತರಿ ದೊಡ್ಡ ಚಿತ್ರಕ್ಕೆ ಚೆಂದ. ಮೂರು ಇಂಚಿನಲ್ಲಿ ಅದರ ಒಂದೊಂದು ಗುಳಿಯೂ ದೋಣಿಯಷ್ಟು ದೊಡ್ಡದಾಗಿ ಕಾಣುತ್ತದೆ.

ಆ ಕಾಗದವನ್ನು ಮಳೆಗಾಲದಲ್ಲಿ ಕಾಪಾಡುವುದೇ ಒಂದು ಕೆಲಸ. ಮೂರನೇ ವರ್ಷದ ಆಟಿ ತಿಂಗಳಲ್ಲಿ ಕಪಾಟಿನಿಂದ ಹೊಸ ಹಾಳೆ ತೆಗೆದು ಆಕಾಶಕ್ಕೆ ತೆಳುವಾಗಿ ಬೂದು ಬಣ್ಣ ಹಚ್ಚಿದೆ. ಹಚ್ಚುತ್ತಿದ್ದ ಹಾಗೆ ಅಲ್ಲಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಎದ್ದವು. ಬಣ್ಣ ಮೇಲೆ ನಿಲ್ಲದೆ ಒಳಗೆ ಇಳಿಯುತ್ತಿತ್ತು, ಶಾಯಿ ಹೀರುವ ಕಾಗದದ ಹಾಗೆ. ಬಣ್ಣ ಸೋರದಿರಲಿ ಎಂದು ಜಲವರ್ಣದ ಕಾಗದಕ್ಕೆ ಜೆಲಟಿನ್‌ನಂಥ ಅಂಟು ಕೊಟ್ಟಿರುತ್ತಾರೆ. ಬೂಸ್ಟು ಅದನ್ನೇ ತಿಂದಿತ್ತು. ಹಾಳೆಯನ್ನು ಎಷ್ಟು ತಿರುಗಿಸಿ ನೋಡಿದರೂ ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇಪ್ಪತ್ತು ಹಾಳೆ ಹೋಯಿತು, ತಿಂಗಳ ಉಳಿತಾಯವೂ ಜೊತೆಗೆ. ಈಗ ಮೇ ಕೊನೆಯೊಳಗೆ ಕಾಗದವನ್ನೆಲ್ಲ ತುಂಡು ಮಾಡಿ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡುತ್ತೇನೆ. ಹರಳಿನ ಬಣ್ಣ ತಿರುಗಿದರೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಮುಗಿದ ಚಿತ್ರಕ್ಕೆ ಫ್ರೇಮ್ ಹಾಕಿಸುವಾಗ ಗಾಜಿಗೂ ಕಾಗದಕ್ಕೂ ನಡುವೆ ದಪ್ಪ ರಟ್ಟಿನ ಮೌಂಟ್ ಬೇಕೇ ಬೇಕು, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟುತ್ತದೆ.

ಇದೆಲ್ಲಕ್ಕಿಂತ ನನ್ನನ್ನು ಕಾಡಿಸಿದ್ದು ಹಸಿರು.

ನಮ್ಮ ಬೈಲಿನಲ್ಲಿ ಈಗಲೂ ಏಣೆಲು, ಅಂದರೆ ಮಳೆಗಾಲದ ಭತ್ತದ ಬೇಸಾಯ ಮಾಡುವವರು ಇದ್ದಾರೆ. ಪಕ್ಕದ ಮನೆಯ ಅಕ್ಕ ಅವರಲ್ಲೊಬ್ಬರು, ಅರುವತ್ತು ದಾಟಿದೆ. ನಾನು ನೇಜಿ, ಅಂದರೆ ಭತ್ತದ ಸಸಿ, ನೆಟ್ಟ ಗದ್ದೆಯ ಚಿತ್ರವನ್ನು ಮೊದಲ ಸಲ ಅವರಿಗೆ ತೋರಿಸಿದಾಗ ಬೆಳಕಿಗೆ ಹಿಡಿದು ನೋಡಿದರು.

"ಇದು ನೇಜಿ ಅಲ್ಲ ಮಾರಾಯ, ಹುಲ್ಲು. ಹಡಿಲು ಬಿದ್ದ ಗದ್ದೆ ಹೀಗೇ ಕಾಣುವುದು."

ಸ್ಯಾಪ್ ಗ್ರೀನ್ ಎಂಬ ತಯಾರು ಹಸಿರನ್ನು ಟ್ಯೂಬಿನಿಂದ ನೇರ ತೆಗೆದು ಹಚ್ಚಿದ್ದೆ. ಅವರು ಹೇಳಿದ ಮೇಲೆ ಎರಡೂ ಗದ್ದೆಗಳ ಎದುರು ಹೋಗಿ ನಿಂತೆ. ಬೇಸಾಯ ಬಿಟ್ಟ ಹಡಿಲು ಗದ್ದೆ ಅಂಚಿನಿಂದ ಅಂಚಿಗೆ ಒಂದೇ ದಟ್ಟ ಹಸಿರು. ನೆಟ್ಟ ಗದ್ದೆಯಲ್ಲಿ ಮೊದಲ ವಾರ ಹಸಿರಿಗಿಂತ ನೀರೇ ಹೆಚ್ಚು, ನೀರಿನಲ್ಲಿ ಮೋಡ. ಕಿತ್ತು ನೆಟ್ಟ ಆಯಾಸಕ್ಕೆ ನೇಜಿ ಸ್ವಲ್ಪ ಹಳದಿಗೆ ತಿರುಗಿರುತ್ತದೆ. ನಾವು ನಿಂತಲ್ಲಿ ಹತ್ತಿರದ ಗಿಡ ಗಿಡದ ನಡುವೆ ನೀರು ಕಾಣುತ್ತದೆ. ದೂರ ಹೋದಂತೆ ಗಿಡಗಳು ಒಂದರ ಹಿಂದೊಂದು ಸೇರಿ ನೀರು ಮರೆಯಾಗುತ್ತದೆ. ಅಷ್ಟು ವರ್ಷ ಗದ್ದೆಯಂಚಿನ ಅದೇ ಕಟ್ಟಪುಣಿಯ ಮೇಲೆ ನಡೆದಿದ್ದೆ, ಇದನ್ನು ಗಮನಿಸಿರಲಿಲ್ಲ.

ಹಾಗಾಗಿ ಈಗ ಟ್ಯೂಬಿನ ಹಸಿರು ನನ್ನ ಪೆಟ್ಟಿಗೆಯಲ್ಲಿ ಇಲ್ಲ. ಗದ್ದೆಗೆ ಮೊದಲು ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿದ ನೀರಿನಂಥ ಬೂದು. ಅದು ಒಣಗಲು ಮಳೆಗಾಲದಲ್ಲಿ ಟೇಬಲ್ ಲ್ಯಾಂಪಿನ ಕೆಳಗೆ ಇಡಬೇಕು. ಹಾಗಾಗಿ ಜೂನ್, ಜುಲೈಯಲ್ಲಿ ಬೈಲಿನಲ್ಲಿ ಕೊಡೆ ಹಿಡಿದು ಪೆನ್ಸಿಲಿನಲ್ಲಿ ಗುರುತು ಮಾತ್ರ ಹಾಕಿಕೊಂಡು ಬಣ್ಣದ ಕೆಲಸ ಮನೆಯಲ್ಲಿ. ನಂತರ ಲೆಮನ್ ಯೆಲ್ಲೋಗೆ ಅಲ್ಟ್ರಾಮರೀನ್ ಸೂಜಿಮೊನೆಯಷ್ಟು, ನೇಜಿ ತೀರಾ ಹೊಸದಾದರೆ ಯೆಲ್ಲೋ ಓಕರ್ ಒಂದಿಷ್ಟು. ಮುಂದಿನ ಒಂದು ಸೆಂಟಿಮೀಟರ್‌ನಲ್ಲಿ ಮಾತ್ರ ಬಿಡಿ ಬಿಡಿ ಚುಕ್ಕೆ, ಅದರಾಚೆ ತೆಳು ಲೇಪ. ಆಗಸ್ಟಿನ ಗದ್ದೆ ಬರೆಯುವುದಾದರೆ ನೀರನ್ನು ಪೂರ್ತಿ ಬಿಟ್ಟು ಅಲ್ಟ್ರಾಮರೀನ್ ಹೆಚ್ಚಿಸುತ್ತೇನೆ. ಬಾಗಿ ನೇಜಿ ನೆಡುವ ಹೆಂಗಸರು ಕೊನೆಗೆ, ಎರಡು ಮಿಲಿಮೀಟರ್ ಮೀರದ ಹಾಗೆ. ಸ್ವಲ್ಪ ದೊಡ್ಡದಾದರೂ ಬೈಲು ಅಂಗಳದಷ್ಟಕ್ಕೆ ಕುಗ್ಗಿಬಿಡುತ್ತದೆ.

ಕಳೆದ ವರ್ಷ ಹೀಗೆ ಬರೆದ ಒಂದನ್ನು ಅಕ್ಕನ ಮನೆಗೆ ತೆಗೆದುಕೊಂಡು ಹೋದೆ. ಸೆರಗಿಗೆ ಕೈ ಒರೆಸಿಕೊಂಡು, ಅಂಚು ಹಿಡಿದು ತುಂಬಾ ಹೊತ್ತು ನೋಡಿದರು.

"ನೆಟ್ಟು ನಾಲ್ಕೈದು ದಿನ ಆಗಿರಬೇಕು," ಅಂದರು. ಆಮೇಲೆ ಕಾಗದಕ್ಕೆ ತಾಗದ ಹಾಗೆ ಎಡಮೂಲೆಗೆ ಬೆರಳು ತೋರಿಸಿ, "ಇಲ್ಲಿ ನೀರು ಜಾಸ್ತಿ ನಿಂತಿದೆ. ತೋಡಿಗೆ ಬಿಡಬೇಕಿತ್ತು."

ಆ ಮೂಲೆ ಅರ್ಧ ಸೆಂಟಿಮೀಟರ್ ಇರಬಹುದು. ಅಲ್ಲಿ ನಾನು ಬಣ್ಣವನ್ನೇ ಹಚ್ಚಿರಲಿಲ್ಲ, ಬಿಳಿ ಕಾಗದವನ್ನು ಹಾಗೇ ಬಿಟ್ಟಿದ್ದೆ.