ವಿದೇಶ ಪ್ರವಾಸದಲ್ಲಿ ವಿಪಿಎನ್ ಕೈಕೊಟ್ಟರೆ: ಹೊರಡುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಆರು ತಿಂಗಳ ಮಟ್ಟಿಗೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟ ತಂದೆತಾಯಿ, ಕಂಪನಿಯ ಕೆಲಸದ ಮೇಲೆ ದುಬೈಗೆ ಹೋಗುವ ಎಂಜಿನಿಯರ್, ಯುರೋಪ್ ಪ್ರವಾಸಕ್ಕೆ ಸಿದ್ಧವಾದ ಕುಟುಂಬ, ಇವರೆಲ್ಲರಿಗೂ ಸಿಗುವ ಸಲಹೆ ಒಂದೇ: ವಿಪಿಎನ್ (ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಕಡೆಯ ಸರ್ವರ್ ಮೂಲಕ ಸಾಗಿಸುವ ಆ್ಯಪ್) ಹಾಕಿಕೊಂಡರೆ ಸಾಕು, ಊರಿನಲ್ಲಿ ನೋಡುವುದನ್ನೆಲ್ಲ ಅಲ್ಲಿಯೂ ನೋಡಬಹುದು. ಈ ಮಾತನ್ನು ನಂಬಿ ಎರಡು ವರ್ಷದ ಚಂದಾ ಒಟ್ಟಿಗೇ ಕಟ್ಟಿದವರಲ್ಲಿ ಅನೇಕರಿಗೆ, ಬೇಕಾದ ಹೊತ್ತಿಗೆ ಪರದೆಯ ಮೇಲೆ ಕಾಣುವುದು ‘ಈ ಸೇವೆ ನೀವಿರುವ ಸ್ಥಳದಲ್ಲಿ ಲಭ್ಯವಿಲ್ಲ’ ಎಂಬ ಸಾಲು. ಹೋಟೆಲಿನ ವೈ-ಫೈನಲ್ಲಿ ನಮ್ಮ ಮಾಹಿತಿ ಇತರರ ಕಣ್ಣಿಗೆ ಬೀಳದಂತೆ ಸಾಗಿಸುವ ಕೆಲಸವನ್ನು ವಿಪಿಎನ್ ಚೆನ್ನಾಗಿಯೇ ಮಾಡುತ್ತದೆ. ಆದರೆ ದೇಶವಾರು ನಿರ್ಬಂಧವನ್ನು ದಾಟಲು ಅದೊಂದನ್ನೇ ನೆಚ್ಚಿಕೊಂಡು ವಿಮಾನ ಹತ್ತಬಾರದು. ಅದು ಕೈಕೊಟ್ಟರೂ ಕೆಲಸ ನಿಲ್ಲದಂತೆ ಊರಿನಲ್ಲಿರುವಾಗಲೇ ಏರ್ಪಾಡು ಮಾಡಿಕೊಳ್ಳಬೇಕು.

ನಿರ್ಬಂಧದ ಮೂಲ ಪ್ರಸಾರ ಹಕ್ಕಿನಲ್ಲಿದೆ. ಸಿನಿಮಾ, ಧಾರಾವಾಹಿ, ಕ್ರಿಕೆಟ್‌ಗಳ ಹಕ್ಕು ದೇಶವಾರು ಮಾರಾಟವಾಗುತ್ತದೆ. 2022ರ ಜೂನ್‌ನಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ, 2023ರಿಂದ 2027ರವರೆಗಿನ ಆವೃತ್ತಿಗಳ ಟಿ.ವಿ. ಹಕ್ಕು ಭಾರತ ಉಪಖಂಡದ ಮಟ್ಟಿಗೆ ಡಿಸ್ನಿ ಸ್ಟಾರ್‌ಗೆ, ಡಿಜಿಟಲ್ ಹಕ್ಕು ವಯಾಕಾಮ್ 18ಕ್ಕೆ ಹೋದರೆ, ಅಮೆರಿಕ ಮತ್ತು ಪಶ್ಚಿಮ ಏಷ್ಯಾದ ಹಕ್ಕು ಟೈಮ್ಸ್ ಇಂಟರ್ನೆಟ್ ಪಾಲಾಯಿತು. ಭಾರತದ ಹಕ್ಕು ಪಡೆದವರು ನ್ಯೂಜೆರ್ಸಿಯಲ್ಲಿ ಕುಳಿತವರಿಗೂ ಪಂದ್ಯ ತೋರಿಸಿದರೆ, ಬೇರೊಬ್ಬರು ಹಣ ಕೊಟ್ಟು ಕೊಂಡ ಹಕ್ಕಿಗೆ ಕೈಹಾಕಿದಂತಾಗುತ್ತದೆ. ಆದ್ದರಿಂದ ವಿಪಿಎನ್ ತಡೆಯುವುದು ಅವರಿಗೆ ಒಪ್ಪಂದದ ಹೊಣೆ. ನೆಟ್‌ಫ್ಲಿಕ್ಸ್ 2016ರ ಜನವರಿ 6ರಂದು ಭಾರತವೂ ಸೇರಿದಂತೆ ಸುಮಾರು 130 ದೇಶಗಳಿಗೆ ಒಮ್ಮೆಗೇ ಕಾಲಿಟ್ಟಿತು; ಅದೇ ತಿಂಗಳಲ್ಲಿ ಪ್ರಾಕ್ಸಿ (ನಡುವಿನ ಸರ್ವರ್) ಮತ್ತು ವಿಪಿಎನ್ ಮೂಲಕ ಬರುವವರನ್ನು ತಡೆಯುವುದಾಗಿಯೂ ಪ್ರಕಟಿಸಿತು. ಆಗಿನಿಂದ ಇದು ಎರಡೂ ಕಡೆಯವರ ನಡುವೆ ನಿರಂತರವಾಗಿ ನಡೆಯುತ್ತಿರುವ ಸೆಣಸು. ಇಂದು ಕೆಲಸ ಮಾಡಿದ ಸರ್ವರ್ ನಾಳೆಯೂ ಮಾಡುತ್ತದೆಂಬ ಭರವಸೆಯನ್ನು ಯಾವ ವಿಪಿಎನ್ ಕಂಪನಿಯೂ ಕೊಡಲಾಗದು.

ತಡೆಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ; ಪ್ರತಿ ವಿಳಾಸ ಯಾವ ಸಂಸ್ಥೆಯ ಹೆಸರಿನಲ್ಲಿದೆ ಎಂಬುದಕ್ಕೆ ಬಹಿರಂಗ ದಾಖಲೆ ಇದೆ. ಮನೆಯ ಬ್ರಾಡ್‌ಬ್ಯಾಂಡ್‌ನ ವಿಳಾಸಗಳು ದೂರಸಂಪರ್ಕ ಕಂಪನಿಗಳ ಹೆಸರಿನಲ್ಲಿದ್ದರೆ, ವಿಪಿಎನ್ ಸರ್ವರ್‌ಗಳ ವಿಳಾಸಗಳು ಬಹುಮಟ್ಟಿಗೆ ಡೇಟಾ ಸೆಂಟರ್‌ಗಳ ಹೆಸರಿನಲ್ಲಿರುತ್ತವೆ. ಡೇಟಾ ಸೆಂಟರ್‌ನಲ್ಲಿ ಕುಳಿತು ಯಾರೂ ಧಾರಾವಾಹಿ ನೋಡುವುದಿಲ್ಲ. ಒಂದೇ ವಿಳಾಸದಿಂದ ನೂರಾರು ಖಾತೆಗಳು ಲಾಗಿನ್ ಆದಾಗಂತೂ ಅನುಮಾನಕ್ಕೆ ಎಡೆಯೇ ಉಳಿಯದು. ಆ ವಿಳಾಸ ತಡೆಪಟ್ಟಿಗೆ ಸೇರುತ್ತದೆ, ವಿಪಿಎನ್ ಕಂಪನಿ ಹೊಸ ವಿಳಾಸ ತರುತ್ತದೆ, ಕೆಲವು ದಿನಗಳಲ್ಲಿ ಅದೂ ಪಟ್ಟಿಗೆ ಸೇರುತ್ತದೆ.

ಭಾರತದ ಸೇವೆಗಳನ್ನು ಹೊರದೇಶದಿಂದ ನೋಡಬಯಸುವ ನಮಗೆ ಇನ್ನೊಂದು ತೊಡಕಿದೆ, ಇದನ್ನು ವಿಪಿಎನ್ ಜಾಹೀರಾತುಗಳು ಎತ್ತಿ ಹೇಳುವುದಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಬಳಸಿದ ಐಪಿ ಮುಂತಾದ ವಿವರಗಳನ್ನು 5 ವರ್ಷ ಕಾಯ್ದಿಡಬೇಕು. ಇದಕ್ಕೆ ಒಪ್ಪದ ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಮುಂತಾದವು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದುಹಾಕಿದವು. ಆ ಬಳಿಕ ಎಕ್ಸ್‌ಪ್ರೆಸ್‌ನಂಥ ಕಂಪನಿಗಳು ಕೊಡುತ್ತ ಬಂದಿರುವ ‘ಭಾರತ’ದ ಸರ್ವರ್, ಭಾರತದ ಹೆಸರಿನಲ್ಲಿ ನೋಂದಾಯಿಸಿದ ವಿಳಾಸವಿದ್ದರೂ ಯಂತ್ರ ಮಾತ್ರ ಸಿಂಗಪುರದಲ್ಲೋ ಬ್ರಿಟನ್‌ನಲ್ಲೋ ಇರುವಂಥದ್ದು. ಒಂದು ಸೇವೆಗೆ ಇದು ಭಾರತವೆಂದು ಕಂಡರೆ, ಬೇರೆ ದತ್ತಾಂಶ ಪಟ್ಟಿ ಬಳಸುವ ಇನ್ನೊಂದಕ್ಕೆ ಸಿಂಗಪುರವೆಂದೇ ಕಾಣಬಹುದು. ಚಂದಾ ಕಟ್ಟುವ ಮೊದಲು ಕಂಪನಿಯ ಸರ್ವರ್ ಪಟ್ಟಿಯಲ್ಲಿ ಭಾರತದ ಮುಂದೆ ‘ವರ್ಚುವಲ್’ ಎಂಬ ಗುರುತಿದೆಯೇ ಎಂದು ನೋಡಿ.

ಐಪಿ ವಿಳಾಸ ಸರಿಯಾಗಿ ಬದಲಾದರೂ ಮೊಬೈಲ್ ಆ್ಯಪ್ ನಿಮ್ಮ ನಿಜವಾದ ಜಾಗವನ್ನು ಬೇರೆ ದಾರಿಗಳಿಂದ ತಿಳಿಯಬಲ್ಲದು: ಜಿಪಿಎಸ್, ಸಿಮ್ ಹಿಡಿದಿರುವ ನೆಟ್‌ವರ್ಕ್, ಆ್ಯಪ್ ಸ್ಟೋರ್ ಖಾತೆಯ ದೇಶ, ಹಣ ಪಾವತಿಸುವ ಕಾರ್ಡ್. ಹೀಗಾಗಿ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆಯುವ ಸೇವೆ ಫೋನಿನ ಆ್ಯಪ್‌ನಲ್ಲಿ ತೆರೆಯದಿರಬಹುದು. ಪರೀಕ್ಷಿಸುವ ಕ್ರಮ ಹೀಗಿರಲಿ. ವಿಪಿಎನ್ ಜೋಡಿಸಿದ ಮೇಲೆ ಐಪಿ ತೋರಿಸುವ ಯಾವುದಾದರೂ ತಾಣದಲ್ಲಿ ದೇಶ ಯಾವುದೆಂದು ನೋಡಿ. ಐಪಿವಿ4 ಮತ್ತು ಐಪಿವಿ6 (ಐಪಿ ವಿಳಾಸದ ಹಳೆಯ ಮತ್ತು ಹೊಸ ರೂಪ) ಎರಡೂ ವಿಳಾಸಗಳನ್ನು ನೋಡುವುದು ಮುಖ್ಯ, ಏಕೆಂದರೆ ಕೆಲವು ವಿಪಿಎನ್‌ಗಳು ಮೊದಲನೆಯದನ್ನು ಮಾತ್ರ ಮರೆಮಾಡಿ ಎರಡನೆಯದನ್ನು ಹಾಗೆಯೇ ಬಿಟ್ಟುಬಿಡುತ್ತವೆ. ಜಾಲತಾಣದ ಹೆಸರಿಗೆ ಐಪಿ ವಿಳಾಸ ಕೇಳುವ ಡಿಎನ್‌ಎಸ್ ವಿಚಾರಣೆಗಳು ಸ್ಥಳೀಯ ಇಂಟರ್ನೆಟ್ ಕಂಪನಿಗೆ ಹೋಗುತ್ತಿವೆಯೇ ಎಂಬುದನ್ನೂ ಇಂಥ ತಾಣಗಳಲ್ಲೇ ಪರೀಕ್ಷಿಸಬಹುದು. ಬಳಿಕ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಸೇವೆಯನ್ನು ತೆರೆಯಿರಿ, ಹಳೆಯ ಕುಕಿಗಳು ಹಿಂದಿನ ಸ್ಥಳವನ್ನು ಹೇಳದಿರಲಿ. ಇಷ್ಟಾದ ಮೇಲೂ ತಡೆ ಬಂದರೆ ಅದೇ ದೇಶದ ಇನ್ನೊಂದೆರಡು ಸರ್ವರ್ ಪ್ರಯತ್ನಿಸಿ ಅಲ್ಲಿಗೆ ಬಿಡುವುದು ಲೇಸು. ಇಡೀ ಸಂಜೆ ಸರ್ವರ್ ಬದಲಿಸುತ್ತ ಕೂರುವುದರಿಂದ ಖಾತೆಯ ಮೇಲಿನ ಅನುಮಾನ ಹೆಚ್ಚುತ್ತದೆಯೇ ಹೊರತು ತಡೆ ತೆರವಾಗುವುದಿಲ್ಲ. ನೆಟ್‌ಫ್ಲಿಕ್ಸ್ ಕೆಲವೊಮ್ಮೆ ತಡೆಯೊಡ್ಡದೆ, ಜಗತ್ತಿನಾದ್ಯಂತ ತನಗೆ ಹಕ್ಕಿರುವ ಕೃತಿಗಳನ್ನಷ್ಟೇ ತೋರಿಸುತ್ತದೆ. ಪಟ್ಟಿ ಬಡವಾಗಿ ಕಂಡರೆ ಕಾರಣ ಇದಿರಬಹುದು.

ಹೋಟೆಲ್ ಮತ್ತು ವಿಮಾನ ನಿಲ್ದಾಣಗಳ ವೈ-ಫೈನಲ್ಲಿ ವಿಪಿಎನ್ ಜೋಡಣೆಯೇ ಆಗದಿರುವುದೂ ಉಂಟು. ವಿಪಿಎನ್ ಜೋಡಣೆಯ ಎರಡು ವಿಧಾನಗಳಲ್ಲಿ ಓಪನ್‌ವಿಪಿಎನ್‌ನ ರೂಢಿಯ ಪೋರ್ಟ್ (ಸಂಪರ್ಕ ಹಾಯುವ ಬಾಗಿಲಿನ ಸಂಖ್ಯೆ) 1194, ವೈರ್‌ಗಾರ್ಡ್‌ನದು 51820. ಇವನ್ನು ಮುಚ್ಚಿದ ಜಾಲಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಸಾಮಾನ್ಯ ಜಾಲತಾಣಗಳು ಬಳಸುವ ಟಿಸಿಪಿ 443 ಪೋರ್ಟ್ ಆರಿಸಿದರೆ ಸಂಪರ್ಕ ಸಿಗುವ ಸಾಧ್ಯತೆ ಹೆಚ್ಚು, ವೇಗ ಮಾತ್ರ ತಗ್ಗುತ್ತದೆ.

ಕಾನೂನಿನ ವಿಷಯದಲ್ಲಿ ಉದಾಸೀನ ಸಲ್ಲದು. ಯುಎಇಯ 2021ರ 34ನೇ ಫೆಡರಲ್ ಕಾನೂನಿನ 10ನೇ ವಿಧಿ, ಅಪರಾಧ ಎಸಗಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಐಪಿ ವಿಳಾಸ ಮರೆಮಾಚುವವರಿಗೆ ಸೆರೆವಾಸ, 5 ಲಕ್ಷದಿಂದ 20 ಲಕ್ಷ ದಿರ್ಹಂ ದಂಡ, ಅಥವಾ ಎರಡರಲ್ಲೊಂದನ್ನು ವಿಧಿಸುತ್ತದೆ. ಅಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆಯಿದೆಯೆಂದು ವಿಪಿಎನ್ ಹಾಕುವ ಬದಲು, ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳನ್ನು ಮನೆಯವರ ಫೋನಿನಲ್ಲೂ ಮೊದಲೇ ಹಾಕಿಸಿಡಿ. ಚೀನಾದಲ್ಲಿ 2017ರಲ್ಲಿ ಆಪಲ್ ತನ್ನ ಅಲ್ಲಿನ ಆ್ಯಪ್ ಸ್ಟೋರ್‌ನಿಂದ ವಿಪಿಎನ್ ಆ್ಯಪ್‌ಗಳನ್ನು ತೆಗೆದುಹಾಕಿತು. ವಿಪಿಎನ್ ಕಂಪನಿಗಳ ಜಾಲತಾಣಗಳೂ ಅಲ್ಲಿ ತೆರೆಯುವುದು ಕಷ್ಟವಾದ್ದರಿಂದ, ಹೋದ ಮೇಲೆ ನೋಡಿಕೊಳ್ಳೋಣ ಎಂಬ ಯೋಚನೆ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಯಾವ ದಾರಿ ಹೆಚ್ಚು ಭರವಸೆಯದು? ಚಿಕ್ಕ ಪ್ರವಾಸಕ್ಕೆ ನನ್ನ ಮೊದಲ ಆಯ್ಕೆ ನಮ್ಮ ಭಾರತೀಯ ಸಿಮ್‌ನ ಅಂತರರಾಷ್ಟ್ರೀಯ ರೋಮಿಂಗ್. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ನಮ್ಮ ಮೂಲ ಕಂಪನಿಯ ಜಾಲಕ್ಕೆ ಬಂದು ಅಲ್ಲಿಂದ ಮುಂದೆ ಹೋಗುವುದರಿಂದ, ಪ್ಯಾರಿಸ್‌ನಲ್ಲಿದ್ದರೂ ಭಾರತದ ಐಪಿ ವಿಳಾಸವೇ ಸಿಗುತ್ತದೆ, ಅದೂ ಡೇಟಾ ಸೆಂಟರ್‌ನ ಕಳಂಕವಿಲ್ಲದ ವಿಳಾಸ. ಹೊರದೇಶದಿಂದ ತೆರೆಯದ ಕೆಲವು ಸರ್ಕಾರಿ ಜಾಲತಾಣಗಳಿಗೆ ಇದು ಬಹಳ ಉಪಯುಕ್ತ. ಆದರೆ ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿವರೆಗೆ ಡೇಟಾ ತಿನ್ನಬಲ್ಲದು, ರೋಮಿಂಗ್ ಪ್ಯಾಕ್‌ಗೆ ಅದು ದುಬಾರಿ. ಪ್ರವಾಸಿ ಇ-ಸಿಮ್ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಅವುಗಳ ಡೇಟಾ ಮೂರನೆಯ ದೇಶದ ಮೂಲಕ ಹಾಯುವುದುಂಟು, ಆಗ ನೀವು ಇಟಲಿಯಲ್ಲಿದ್ದರೂ ಹಾಂಗ್‌ಕಾಂಗ್‌ನಲ್ಲಿರುವಂತೆ ಕಾಣಬಹುದು.

ಮನರಂಜನೆಗೆ ಡೌನ್‌ಲೋಡ್ ಸರಳ ಉಪಾಯ. ಅವಧಿ ಮುಗಿಯುವ ದಿನಾಂಕವನ್ನು ಮೊದಲೇ ನೋಡಿಕೊಳ್ಳಿ, ಬೇರೆ ದೇಶದಲ್ಲಿ ಇಂಟರ್ನೆಟ್‌ಗೆ ಜೋಡಿಸಿದಾಗ ಕೆಲವು ಕೃತಿಗಳು ತೆರೆಯದಿರಬಹುದೆಂಬುದೂ ಗಮನದಲ್ಲಿರಲಿ. ಅಮೆಜಾನ್ ಪ್ರೈಮ್ ಪ್ರವಾಸದಲ್ಲಿರುವ ಸದಸ್ಯರಿಗೆಂದೇ ಕೆಲವು ಕೃತಿಗಳನ್ನು ತೆರೆದಿಡುತ್ತದೆ. ಐರೋಪ್ಯ ಒಕ್ಕೂಟದ ದೇಶದಲ್ಲಿ ನೆಲೆಸಿದ ಕನ್ನಡಿಗರು, ಅಲ್ಲಿ ಹಣ ಕೊಟ್ಟು ಪಡೆದ ಚಂದಾ ಸೇವೆಯನ್ನು ಒಕ್ಕೂಟದ ಇತರ ದೇಶಗಳಿಗೆ ತಾತ್ಕಾಲಿಕವಾಗಿ ಹೋದಾಗಲೂ ನೋಡಬಹುದು. 2018ರ ಏಪ್ರಿಲ್ 1ರಿಂದ ಇದು ಅಲ್ಲಿನ ನಿಯಮ. ತಿಂಗಳುಗಟ್ಟಲೆ ಉಳಿಯುವವರು ಆ ದೇಶದ ಹಕ್ಕುದಾರರ ಚಂದಾವನ್ನೇ ಕೊಳ್ಳುವುದು ಉತ್ತಮ, ಪಂದ್ಯದ ಕೊನೆಯ ಓವರ್‌ನಲ್ಲಿ ಚಿತ್ರ ನಿಲ್ಲುವ ಆತಂಕ ಇರುವುದಿಲ್ಲ.

ಬ್ಯಾಂಕಿನ ಆ್ಯಪ್‌ಗೆ ವಿಪಿಎನ್ ಬೇಡವೇ ಬೇಡ. ಹತ್ತು ನಿಮಿಷದಲ್ಲಿ ಮೂರು ದೇಶಗಳಿಂದ ಲಾಗಿನ್ ಆದಂತೆ ಕಂಡರೆ ವಂಚನೆ ತಡೆಯುವ ವ್ಯವಸ್ಥೆ ಖಾತೆಯನ್ನು ತಾತ್ಕಾಲಿಕವಾಗಿ ಮುಚ್ಚಬಹುದು. ಒಟಿಪಿ ಬರಬೇಕಾದ ಸಿಮ್‌ನ ರೀಚಾರ್ಜ್ ಅವಧಿ ಹಿಂದಿರುಗುವ ದಿನಕ್ಕಿಂತ ಮುಂದೆ ಇರಲಿ, ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುತ್ತದೆಯೇ ಎಂದು ಕಂಪನಿಯಿಂದ ಖಚಿತಪಡಿಸಿಕೊಳ್ಳಿ, ವಿದೇಶಕ್ಕೆ ಹೋಗುವ ವಿಷಯವನ್ನು ಬ್ಯಾಂಕಿಗೆ ತಿಳಿಸಿ.

ಇಷ್ಟೆಲ್ಲದರ ಮೇಲೂ ವಿಪಿಎನ್ ಬೇಕೆನಿಸಿದರೆ ಒಂದು ತಿಂಗಳ ಚಂದಾ ಮಾತ್ರ ಕೊಳ್ಳಿ, ಹಣ ವಾಪಸು ಪಡೆಯುವ ಅವಧಿಯೊಳಗೆ ನಿಮಗೆ ಬೇಕಾದ ಸೇವೆಯನ್ನೇ ತೆರೆದು ನೋಡಿ, ಪುಕ್ಕಟೆ ಆ್ಯಪ್‌ಗಳಿಂದ ದೂರವಿರಿ. ತಾಂತ್ರಿಕ ಆಸಕ್ತಿಯುಳ್ಳವರು ಮೈಸೂರಿನದೋ ಹುಬ್ಬಳ್ಳಿಯದೋ ತಮ್ಮ ಮನೆಯ ಸಂಪರ್ಕವನ್ನೇ ದ್ವಾರವಾಗಿ ಬಳಸಬಹುದು. ಬ್ರಾಡ್‌ಬ್ಯಾಂಡ್ ಕಂಪನಿ ಹಲವು ಮನೆಗಳಿಗೆ ಒಂದೇ ಐಪಿವಿ4 ವಿಳಾಸ ಹಂಚಿದ್ದರೆ ರೂಟರ್‌ನಲ್ಲಿ ಹಾಕಿದ ವೈರ್‌ಗಾರ್ಡ್ ಹೊರಗಿನಿಂದ ಸಿಗುವುದಿಲ್ಲ. ಆಗ ಮನೆಯ ಪುಟ್ಟ ಕಂಪ್ಯೂಟರೊಂದರಲ್ಲಿ ಟೇಲ್‌ಸ್ಕೇಲ್ ಎಂಬ ಆ್ಯಪ್ ಹಾಕಿ, ಅದನ್ನು ‘ಎಕ್ಸಿಟ್ ನೋಡ್’ (ಇಂಟರ್ನೆಟ್‌ಗೆ ಹೊರಹೋಗುವ ದ್ವಾರ) ಮಾಡಿಕೊಂಡರೆ ಕೆಲಸಕ್ಕೆ ಬರುತ್ತದೆ. ಮನೆಯ ವಿಳಾಸವಾದ್ದರಿಂದ ತಡೆಪಟ್ಟಿಯ ಭಯ ಕಡಿಮೆ, ಸೇವೆಯ ಷರತ್ತುಗಳು ಮಾತ್ರ ಇಲ್ಲಿಯೂ ಅನ್ವಯಿಸುತ್ತವೆ. ವೇಗ ಮನೆಯ ಅಪ್‌ಲೋಡ್ ಮಿತಿಯನ್ನು ಮೀರದು. ರೂಟರ್‌ಗೂ ಆ ಪುಟ್ಟ ಕಂಪ್ಯೂಟರಿಗೂ ಯುಪಿಎಸ್ ಇರಲಿ, ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗುವಂತೆ ಹೊಂದಿಸಿಡಿ, ಆಗದಿದ್ದರೆ ಸ್ವಿಚ್ ಒತ್ತಲು ಮನೆಯ ಬೀಗದ ಕೈ ಪಕ್ಕದ ಮನೆಯವರ ಬಳಿ ಇರಲಿ.